ಡೋನರ್ ಕಾರು

ಯೋಗಾನಂದ ತನ್ನ ಗ್ಯಾರೇಜಿನಲ್ಲಿ ಟಾರ್ಪಾಲು ಎಳೆದಾಗ, ಅದರಡಿ ಇದ್ದದ್ದು ಕಾರು ಎಂದು ನಂಬಲು ವಿಮಲಾಗೆ ಸ್ವಲ್ಪ ಹೊತ್ತು ಬೇಕಾಯಿತು. ಬೆಸುಗೆ ಹಾಕಿದ ಕಬ್ಬಿಣದ ಚೌಕಟ್ಟು, ಚಕ್ರಗಳ ಜಾಗದಲ್ಲಿ ಮರದ ದಿಮ್ಮಿಗಳು, ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಎರಡು ಪುಟ್ಟ ಸೀಟು. ಎಂಜಿನ್ ಇರಬೇಕಾದ ಕಡೆ ಮಗುವಿನ ಸೈಕಲ್ಲು ನಿಲ್ಲಿಸಿದ್ದರು.

"ಕಿಟ್ ಕಾರು ಅಂತಾರೆ ಮೇಡಂ. ಪೆಟ್ಟಿಗೇಲಿ ಬಿಡಿಬಿಡಿಯಾಗಿ ಬರುತ್ತೆ, ನಾವೇ ಜೋಡಿಸ್ಕೋಬೇಕು. ಕಮ್ಮಿ ಖರ್ಚಲ್ಲಿ ಒಂದು ಸ್ಪೋರ್ಟ್ಸ್ ಕಾರು ಮಾಡ್ಕೊಳೋಣ ಅಂತ ಶುರು ಮಾಡ್ದೆ. ಎಂಜಿನ್ನು, ಗೇರ್‌ಬಾಕ್ಸು, ಹಿಂದಿನ ಆಕ್ಸಲು ಇಷ್ಟು ಮಾತ್ರ ಹಳೇ ಕೊರೊಲಾದಿಂದ ಕಿತ್ತು ಹಾಕ್ಬೇಕು. ಆ ಕಾರಿಗೆ ಡೋನರ್ ಅಂತಾರೆ."

"ಅದಕ್ಕೇ ಬಂದದ್ದು. ನಮ್ಮಲ್ಲಿ ಎಂಬತ್ಮೂರರ ಕೊರೊಲಾ ಉಂಟು. ಸುಮ್ಮನೆ ಕೊಡ್ತೇನೆ," ಎಂದಳು ವಿಮಲಾ.

ಫ್ರೀಮಾಂಟಿನ ಇಂಡಿಯನ್ ಗ್ರೋಸರಿ ಅಂಗಡಿಯಲ್ಲಿ ಕುಚ್ಚಲಕ್ಕಿ ಕೊಳ್ಳುವಾಗ ಅವಳು ಆ ಚೀಟಿ ನೋಡಿದ್ದಳು. ವೀಣೆ ಪಾಠ, ಟಿಫಿನ್ ಸರ್ವಿಸುಗಳ ನಡುವೆ 'ಹಳೆಯ ಕೊರೊಲಾ ಬೇಕಾಗಿದೆ' ಎಂದು ಬರೆದು ಮಾರ್ಗನ್ ಹಿಲ್‌ನ ಫೋನ್ ನಂಬರು ಕೊಟ್ಟಿದ್ದರು.

ಆ ಕೊರೊಲಾ ಅವಳ ಗಂಡ ಜಯರಾಜ್‌ನದು. ಕಂಪನಿಯ ಷೇರಿನ ಲೆಕ್ಕದಲ್ಲಿ ಅವನು ಎರಡು ಸಲ ಶ್ರೀಮಂತನಾಗಿ ಎರಡು ಸಲವೂ ಬಡವನಾಗಿದ್ದ, ಕಾರು ಮಾತ್ರ ಬದಲಿಸಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಆಫೀಸಿನ ಮೀಟಿಂಗಿನಲ್ಲಿ ಕುಳಿತವನು ಏಳಲೇ ಇಲ್ಲ. ಪಾರ್ಕಿಂಗಿನಲ್ಲಿ ಉಳಿದ ಕಾರನ್ನು ಅವನ ತಮ್ಮ ಸಂದೇಶ್ ಮನೆಗೆ ತಂದ. ಆರಡಿಯ ಆಳು, ಕಾಲು ಹಿಡಿಸಲಿಲ್ಲವೆಂದು ಸೀಟನ್ನು ಹಿಂದಕ್ಕೆ ನೂಕಿ, ಕನ್ನಡಿ ತಿರುಗಿಸಿಕೊಂಡು ಬಂದಿದ್ದ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಆದರೆ ಜಯರಾಜ್‌ನ ಸೀಟು ಮೊದಲು ಎಲ್ಲಿತ್ತೆಂಬುದು ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ವಿಮಲಾ ಹಿಂದೆ ಮುಂದೆ ಸರಿಸಿ ನೋಡಿದಳು. ಎಲ್ಲಿಗೆ ತಂದರೂ ಅದು ಬೇರೆ ಯಾರದೋ ಸೀಟಿನಂತೆ ಕಂಡಿತು.

ಅಳು ಬರುತ್ತದೆ, ತಡೆಯಬೇಡ ಎಂದು ಬಂದವರೆಲ್ಲ ಹೇಳಿದ್ದರು. ಅವಳೇನೂ ತಡೆದಿರಲಿಲ್ಲ, ಅದು ಬರಲೂ ಇಲ್ಲ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ದಿನವೂ ಕೆಲಸಕ್ಕೆ ಹೋಗಿ ಬಂದಳು, ಕೇಳಿದವರಿಗೆಲ್ಲ ಚೆನ್ನಾಗಿದ್ದೇನೆ ಎಂದಳು. ಭಾನುವಾರ ಮಾತ್ರ ಕೊರೊಲಾದ ಬಾಗಿಲು ತೆಗೆದು, ಹೊರಗೆ ನಿಂತೇ ಬಗ್ಗಿ ಕೀಲಿ ತಿರುಗಿಸುತ್ತಿದ್ದಳು. ಎಂಜಿನ್ ಸ್ವಲ್ಪ ಹೊತ್ತು ಓಡಿದ ಮೇಲೆ ಆರಿಸುತ್ತಿದ್ದಳು. ಕಾರನ್ನು ಯಾವುದೋ ಚಾರಿಟಿಗೆ ದಾನ ಕೊಡೋಣ, ಬರುವ ಶನಿವಾರ ಅವರೇ ಬಂದು ಎಳೆದುಕೊಂಡು ಹೋಗಿ ಹರಾಜು ಹಾಕುತ್ತಾರೆ ಎಂದು ಸಂದೇಶ್ ಹೇಳಿದಾಗಲೂ ಆಗಲಿ ಎಂದಿದ್ದಳು. ಆಮೇಲೆ, ಕೊಂಡವನು ಆ ಸೀಟಿನಲ್ಲಿ ಕೂತು ತನಗೆ ಬೇಕಾದ ಹಾಗೆ ಸರಿಸಿಕೊಳ್ಳುತ್ತಾನೆ ಎಂಬುದೊಂದೇ ಅವಳನ್ನು ಬಿಡದೆ ಕೊರೆಯಿತು.

"ಆ ಚೀಟಿ ಹೋದ ವರ್ಷದ್ದು ಮೇಡಂ, ತೆಗೆಯೋದು ಮರ್ತೋಯ್ತು." ಯೋಗಾನಂದ ಸೈಕಲ್ಲನ್ನು ಪಕ್ಕಕ್ಕಿಟ್ಟ. ಇಂಟರ್ನೆಟ್‌ನಲ್ಲಿ ಕಿಟಕಿ ಪರದೆ ಮಾರುವ ಕಂಪನಿಯಲ್ಲಿದ್ದ ಅವನು ಈಗ ಮನೆಯಲ್ಲಿದ್ದ. "ಕಂಪನಿ ಮುಚ್ಚೋಯ್ತು. ಮಾರ್ಚಿಗೆ ಮಂಡ್ಯಕ್ಕೆ ವಾಪಸ್. ಇದನ್ನೇ ಮಾರ್ಬೇಕು ಅಂತಿದೀನಿ."

"ಯಾರಾದ್ರೂ ತಗೊಂಡೋದ್ರೆ ಸಾಕಾಗಿದೆ ಅಕ್ಕಾ," ಎಂದಳು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಕಾವ್ಯಾ.

ವಿಮಲಾ ಚೌಕಟ್ಟನ್ನೇ ನೋಡುತ್ತಿದ್ದಳು. "ಕೊರೊಲಾದ ಸೀಟು ಇದಕ್ಕೆ ಬೇಕಾಗ್ತದಾ?"

"ಇಲ್ಲ, ಇದಕ್ಕೆ ಬೇರೆ ಸೀಟಿದೆ. ಎಂಜಿನ್ನು ಅವೆಲ್ಲ ತೆಗೆದ್ಮೇಲೆ ಮಿಕ್ಕಿದ್ದು ಗುಜರಿಗೆ. ನಜ್ಜುಗುಜ್ಜು ಮಾಡ್ತಾರೆ."

"ಆಮೇಲೆ ಅದರಲ್ಲಿ ಯಾರೂ ಕೂತ್ಕೊಳ್ಳುದಿಲ್ಲ?"

"ಹೆಂಗ್ ಕೂತ್ಕೋತಾರೆ ಮೇಡಂ?"

"ಹಾಗಾದ್ರೆ ಇದನ್ನು ನಾನೇ ತೆಕ್ಕೊಳ್ತೇನೆ. ಎಂಜಿನ್ ನೀವೇ ಕೂರಿಸಿ ಕೊಡಿ."

ಒಂದು ನಿಮಿಷದ ಹಿಂದೆ ತೊಲಗಿದರೆ ಸಾಕು ಎಂದಿದ್ದ ಕಾವ್ಯಾಳೇ ಈಗ ಹಿಂಜರಿದಳು. "ಅಕ್ಕಾ, ಮನೇಲಿ ಒಂದ್ಮಾತು ಕೇಳ್ಕೊಂಡು..."

"ಮನೆಯಲ್ಲಿ ಕೇಳ್ಲಿಕ್ಕೆ ಯಾರೂ ಇಲ್ಲ," ಎಂದಳು ವಿಮಲಾ, ಬಸ್ಸಿನ ಹೊತ್ತು ಹೇಳುವಂತೆ. ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಚೆಕ್ಕು ಬರೆದಳು.

ಸಂದೇಶ್ ಫೋನಿನಲ್ಲಿ ತುಳುವಿನಲ್ಲಿ ಚೆನ್ನಾಗಿ ಬೈದ. ಬೈದು ಮುಗಿಸಿ ಚಾರಿಟಿಯವರಿಗೆ ಬರಬೇಡಿ ಎಂದು ಹೇಳಿದ. ಶನಿವಾರ ಯೋಗಾನಂದ ಎಂಜಿನ್ ಎತ್ತಲು ವಿಮಲಾಳ ಮನೆಗೆ ಬಾಡಿಗೆಯ ಪುಟ್ಟ ಕ್ರೇನು ತಂದಾಗ ಸಂದೇಶ್ ಕೂಡ ಹಳೇ ಪ್ಯಾಂಟು ಹಾಕಿಕೊಂಡು ಬಂದ.

ಕೊಳವೆ, ವೈರು, ಬೋಲ್ಟು ಬಿಚ್ಚುವುದರಲ್ಲಿ ಮಧ್ಯಾಹ್ನವಾಯಿತು. ವಿಮಲಾ ಎರಡು ಸಲ ಚಹಾ ಮಾಡಿ ತಂದಳು. ಕೊನೆಗೆ ಸಂದೇಶ್ ಕ್ರೇನಿನ ಹಿಡಿ ಒತ್ತತೊಡಗಿದ. ಸರಪಳಿ ಬಿಗಿಯಿತು. ಎಂಜಿನ್ನು ಒಮ್ಮೆ ಅಲುಗಿ ಮೇಲೆ ಬಂತು. ಅದರೊಂದಿಗೆ ಕಾರಿನ ಮುಂಭಾಗವೂ ಮೆಲ್ಲನೆ ಎದ್ದಿತು. ಎಂಜಿನ್ನು ಪೂರ್ತಿ ಹೊರಗೆ ಬಂದ ಮೇಲೂ ಅದು ಕೆಳಗಿಳಿಯಲಿಲ್ಲ.

"ಇದು ಯಾಕೆ ಎದ್ದದ್ದು?" ವಿಮಲಾ ಕೇಳಿದಳು.

"ಸ್ಪ್ರಿಂಗು ಮೇಡಂ. ಇಷ್ಟು ವರ್ಷ ಎಂಜಿನ್ನು ಅದುಮಿಟ್ಟಿತ್ತು. ಈಗ ಭಾರ ಇಲ್ವಲ್ಲ."

"ಇಲ್ಲ, ಇದು ಹೀಗೆ ಇರ್ಲಿಲ್ಲ. ಮೊದಲಿನ ಹಾಗೆ ಇರ್ಬೇಕು."

ಅವಳ ದನಿ ಏರಿತ್ತು. ಸಂದೇಶ್ ಹಿಡಿ ಬಿಟ್ಟು ನಿಂತ. ವಿಮಲಾ ಚಹಾದ ತಟ್ಟೆಯನ್ನು ನೆಲಕ್ಕಿಟ್ಟು, ಕಾರಿನ ಮುಂಬದಿಯ ಮೇಲೆ ಎರಡೂ ಕೈಯಿಟ್ಟು ಮೈಭಾರವೆಲ್ಲ ಹಾಕಿ ಒತ್ತಿದಳು. ಅದು ತಗ್ಗಿತು. ಕೈ ಸೋತು ಬಿಟ್ಟಳು. ಅದು ಎದ್ದಿತು. ಮತ್ತೆ ಒತ್ತಿದಳು, ಮತ್ತೆ ಎದ್ದಿತು.

"ಅತ್ತಿಗೆ," ಎಂದ ಸಂದೇಶ್. ಅವಳು ಕೇಳಿಸಿಕೊಳ್ಳಲಿಲ್ಲ. ಅವನು ಆಚೆ ಬದಿಗೆ ಹೋಗಿ ತಾನೂ ಎರಡು ಕೈಯಿಟ್ಟು ಒತ್ತಿದ. ಕಾರು ಮೊದಲಿನ ಮಟ್ಟಕ್ಕೆ ಬಂತು. ಎಂಜಿನ್ನು ಸರಪಳಿಯಲ್ಲಿ ತೂಗುತ್ತಿತ್ತು, ಯೋಗಾನಂದ ಅದನ್ನು ಹಿಡಿದುಕೊಂಡು ಕಾಯುತ್ತಿದ್ದ. ಅವರಿಬ್ಬರೂ ಕೈ ತೆಗೆಯಲಿಲ್ಲ.