ಮೂರು ಸಾಲು ಜಾಗ

ಹೊದಿಕೆ ಸಾಲಲಿಲ್ಲ. ಭುಜಕ್ಕೆ ಎಳೆದರೆ ಪಾದ ಹೊರಗೆ, ಪಾದ ಮುಚ್ಚಿದರೆ ಭುಜ ಹೊರಗೆ. ಮಗಳು ಸುತ್ತ ನೋಡಿ, ಪಕ್ಕದ ಮೇಜಿನ ಮೇಲಿದ್ದ ಕಂಪ್ಯೂಟರಿನ ಮುಸುಕು ಬಟ್ಟೆಯನ್ನು ಸೆಳೆದು ಅಮ್ಮನ ಪಾದಗಳ ಮೇಲೆ ಹಾಸಿದಳು.

“ಧೂಳು ಬಟ್ಟೆ ಅಲ್ವೇನೇ ಅದು?” ಎಂದ ಸೋದರಮಾವ.

“ಅಮ್ಮ ಮೊನ್ನೆ ತಾನೇ ಒಗೆದಿದ್ದಾಳೆ, ಮಾವ.”

ಮಗಳು ಅಂಚು ಮಡಚಿ ಎದ್ದು ನಿಂತಳು. ನಿನ್ನೆ ಸಂಜೆ ಅಮ್ಮ ಹೋದಾಗಿನಿಂದ ಅವಳಿಗೆ ಅಳು ಬಂದಿರಲಿಲ್ಲ. ಜೋಮು ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡುವಂತೆ ಆಗಾಗ ತನ್ನನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇದ್ದೇನೆ ಅನ್ನುವುದು ಗೊತ್ತಾಗುತ್ತಿತ್ತು, ಅಷ್ಟೆ.

ಮನೆಯಲ್ಲಿ ಆ ಮುಂದಿನ ಕೋಣೆಯೇ ದೊಡ್ಡದು. ನಲವತ್ತೊಂದು ವರ್ಷ ಅಮ್ಮ ಕೂತು ಟೈಪು ಮಾಡಿದ್ದೂ ಅಲ್ಲೇ. ವಿಶ್ವವಿದ್ಯಾಲಯದ ಹಿಂದಿನ ಗೇಟಿನಿಂದ ಮೂರನೇ ಮನೆ. ಸಂಶೋಧನೆ ಮಾಡುವವರು ಕೈಬರಹದ ಕಟ್ಟು ತಂದು ಹಾಕುತ್ತಿದ್ದರು, ಅಮ್ಮ ಟೈಪು ಮಾಡಿ ಕೊಡುತ್ತಿದ್ದಳು. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಅವಳು ಓದಿದ್ದು ಹತ್ತನೇ ಕ್ಲಾಸು. ಅವಳ ಬೆರಳ ಕೆಳಗೆ ಹಾದುಹೋದ ಪಿಎಚ್‌.ಡಿ.ಗಳು ನಾನೂರಕ್ಕೆ ಮೇಲೆ.

ಬಂದವರಲ್ಲಿ ಹೆಚ್ಚಿನವರು ಆ ನಾನೂರರಲ್ಲಿ ಯಾರೋ ಒಬ್ಬರು. ಬಾಗಿಲ ಬಳಿ ಕೂತಿದ್ದ ನಿವೃತ್ತ ಲೈಬ್ರೇರಿಯನ್ ಪಕ್ಕದವರಿಗೆ ಮೆಲ್ಲಗೆ ಹೇಳುತ್ತಿದ್ದರು: “ನನ್ನ ಪ್ರಬಂಧದಲ್ಲಿ ಹದಿನೇಳು ಕಡೆ ಜಾಗ ಬಿಟ್ಟಿದ್ರು ಕಣ್ರೀ. ಮೂವತ್ತು ವರ್ಷ ಸಂಸಾರ ಮಾಡಿ ನನ್ನ ಹೆಂಡ್ತಿ ಕೂಡ ಅಷ್ಟು ಕೊರತೆ ಹುಡುಕಿಲ್ಲ.”

ಅಮ್ಮನಿಗೆ ‘ಮೂರು ಸಾಲಿನಮ್ಮ’ ಅಂತ ಹೆಸರು ಬಿದ್ದದ್ದೇ ಅದರಿಂದ. ಬರೆದವರು ಒಂದು ಕೋಷ್ಟಕ ಕೊಟ್ಟು, ನಾಲ್ಕು ಅಂಕಿ ಹೇಳಿ, ಅದರ ಅರ್ಥವೇನೆಂದು ಹೇಳದೆ ಮುಂದಕ್ಕೆ ಹಾರಿದ್ದರೆ, ಅಮ್ಮ ಅಲ್ಲಿ ಮೂರು ಸಾಲು ಖಾಲಿ ಬಿಟ್ಟು ಮುಂದಿನದನ್ನು ಟೈಪು ಮಾಡುತ್ತಿದ್ದಳು. ತಿದ್ದುತ್ತಿರಲಿಲ್ಲ, ಗೀಟು ಹಾಕುತ್ತಿರಲಿಲ್ಲ. ಯಾಕೆಂದು ಕೇಳಿದರೆ, ನೀವು ಇಲ್ಲಿ ಇನ್ನೂ ಏನೋ ಹೇಳೋದಿತ್ತು, ಬಸ್ಸಿನಲ್ಲಿ ಕರ್ಚೀಫು ಹಾಕಿದ ಹಾಗೆ ಸೀಟು ಹಿಡಿದಿಟ್ಟಿದೀನಿ ಅನ್ನುತ್ತಿದ್ದಳು. ಕೆಲವರು ಸಿಟ್ಟಾಗಿ ಬೇರೆ ಟೈಪಿಸ್ಟನ್ನು ಹುಡುಕಿಕೊಂಡರು. ಹೋದವರಲ್ಲಿ ಅರ್ಧ ಜನ ತಿರುಗಿ ಬಂದರು.

ಹನ್ನೊಂದರ ಹೊತ್ತಿಗೆ ಗೇಟಿನ ಹತ್ತಿರ ಒಬ್ಬಳು ಹುಡುಗಿ ಬಹಳ ಹೊತ್ತು ನಿಂತೇ ಇದ್ದುದು ಮಗಳ ಕಣ್ಣಿಗೆ ಬಿತ್ತು. ಅಮ್ಮ ಕೊನೆಯದಾಗಿ ಟೈಪು ಮಾಡುತ್ತಿದ್ದುದು ಆ ಹುಡುಗಿಯದೇ ಪ್ರಬಂಧ. ಮಗಳೇ ಹೊರಗೆ ಹೋದಳು.

ಹುಡುಗಿ ತಲೆ ಎತ್ತಲಿಲ್ಲ. ಹೇಳಲು ನಾಚಿಕೆಯಾಗುತ್ತಿದೆ ಅಂದಳು. ಈ ದಿನ ಸಂಜೆ ಐದು ಗಂಟೆಯೊಳಗೆ ಪ್ರಬಂಧ ವಿಶ್ವವಿದ್ಯಾಲಯದ ಕಚೇರಿಗೆ ಸೇರಬೇಕು. ಸೇರಿದ ರಸೀದಿ ತೋರಿಸಿದರೆ ಒಂದು ಕಾಲೇಜಿನಲ್ಲಿ ಮೇಷ್ಟ್ರ ಕೆಲಸ. ಇಲ್ಲದಿದ್ದರೆ ಪಟ್ಟಿಯಲ್ಲಿ ಅವಳ ನಂತರ ಇರುವವರಿಗೆ ಹೋಗುತ್ತದೆ. ಪ್ರಬಂಧ ಪೂರ್ತಿ ಇರುವುದು ಒಳಗಿನ ಕಂಪ್ಯೂಟರಿನಲ್ಲಿ.

ಮಾವ ಹಿಂದೆ ಬಂದು ನಿಂತಿದ್ದ. ಹೆಣ ಮುಂದಿಟ್ಟುಕೊಂಡು ಯಾರಾದರೂ ಪ್ರಿಂಟ್ ಹಾಕುತ್ತಾರೆಯೇ, ಲೋಕ ಏನೆನ್ನುತ್ತೆ ಅಂದ. ಮಗಳು ಗಡಿಯಾರ ನೋಡಿದಳು. ಒಂದೂವರೆಗೆ ವ್ಯಾನು ಬರುತ್ತದೆ, ಮೂರಕ್ಕೆ ತಿರುಗಿ ಬರಬಹುದು.

“ಮಣ್ಣು ಮುಗಿಸ್ಕೊಂಡು ಬರೋಣ. ಆಮೇಲೆ ತೆಗೀತೀನಿ” ಎಂದಳು. “ಮುಗಿದಿದೆಯಾ?”

“ಮುಗಿದಿದೆ ಅಕ್ಕಾ. ಆದ್ರೆ ನಾಲ್ಕನೇ ಅಧ್ಯಾಯದಲ್ಲಿ ಅಮ್ಮ ಒಂದು ಕಡೆ ಜಾಗ ಬಿಟ್ಟಿದಾರೆ. ಮೊನ್ನೆ ಫೋನ್ ಮಾಡಿ ಹೇಳಿದ್ರು. ಸರ್ ಅದನ್ನ ಮುಚ್ಚಿಬಿಡು ಅಂದಿದಾರೆ.”

•

ಮಗಳಿಗೆ ಆಗ ಏಳು ವರ್ಷ. ಅಪ್ಪನಿಗೆ ಹುಷಾರಿಲ್ಲದೆ ಆಸ್ಪತ್ರೆಯ ಉದ್ದನೆಯ ಬೆಂಚಿನಲ್ಲಿ ಅಮ್ಮನ ಪಕ್ಕ ಕೂತಿದ್ದಳು. ಡಾಕ್ಟರು ಬಂದು ರಕ್ತದ ವರದಿ ಬಿಡಿಸಿ, ಇದು ಇಷ್ಟಿದೆ, ಇದು ಇಷ್ಟಿರಬೇಕಿತ್ತು, ಇದು ಇಷ್ಟಾಗಿದೆ ಎಂದು ಮೇಲಿನಿಂದ ಕೆಳಗಿನವರೆಗೆ ಓದಿದರು. ಓದಿ ಕಾಗದ ಮಡಚಿ ಅಮ್ಮನ ಕೈಗೆ ಕೊಟ್ಟು ಎದ್ದರು.

“ಅಂದ್ರೆ?” ಎಂದಳು ಅಮ್ಮ.

ಎಲ್ಲಾ ಅದರಲ್ಲೇ ಬರೆದಿದೆಯಲ್ಲ ತಾಯಿ ಅಂದು ಡಾಕ್ಟರು ಮುಂದಿನ ಬೆಂಚಿಗೆ ಹೋದರು. ಅಮ್ಮ ಆ ಕಾಗದವನ್ನು ಮನೆಗೆ ತಂದು, ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ಓದಿದಳು. ಒಂದು ಅಂಕಿಯೂ ತಪ್ಪಿರಲಿಲ್ಲ. ಹದಿಮೂರನೇ ದಿನ ಅಪ್ಪ ಹೋದ. ಹದಿಮೂರು ದಿನ ಇದೆ ಅಂತ ಯಾರಾದರೂ ಹೇಳಿದ್ದರೆ ಊರಲ್ಲಿದ್ದ ಅವನ ಅಣ್ಣನನ್ನಾದರೂ ಕರೆಸುತ್ತಿದ್ದೆ ಎಂದು ಅಮ್ಮ ಬಹಳ ವರ್ಷ ಹೇಳುತ್ತಿದ್ದಳು.

ಆ ತಿಂಗಳು ಟೈಪಿಗೆ ಬಂದ ಮೊದಲ ಕಟ್ಟಿನಲ್ಲಿ ಒಂದು ಪುಟದ ತುಂಬ ಅಂಕಿ ಇತ್ತು. ಅಂಕಿ ಮುಗಿದ ಕೂಡಲೆ ಮುಂದಿನ ಅಧ್ಯಾಯ. ಅಮ್ಮ ಟೈಪ್‌ರೈಟರಿನ ಸಾಲು ಸರಿಸುವ ಹಿಡಿಯನ್ನು ಮೂರು ಸಲ ಎಳೆದಳು. ಹಾಳೆ ಮೂರು ಸಲ ಮೇಲಕ್ಕೆ ಜಿಗಿಯಿತು.

•

ವ್ಯಾನು ಒಂದೂಮುಕ್ಕಾಲಿಗೆ ಬಂತು. ಸ್ಮಶಾನದ ಗುಮಾಸ್ತ ಹೆಸರು, ವಯಸ್ಸು, ಕಾರಣ ಕೇಳಿ ಬರೆದುಕೊಂಡ. ಉದ್ಯೋಗ ಎಂಬಲ್ಲಿ ಮಾವ ‘ಮನೆಕೆಲಸ’ ಎಂದು ಹೇಳಹೊರಟಾಗ, ಹಿಂದಿನಿಂದ ಲೈಬ್ರೇರಿಯನ್ನರು ‘ಬೆರಳಚ್ಚುಗಾರ್ತಿ’ ಅಂತ ಬರೀರಿ ಅಂದರು. ಗುಮಾಸ್ತ ಬರೆದ.

ಪ್ರೊಫೆಸರು ಅಲ್ಲಿಗೇ ನೇರವಾಗಿ ಬಂದಿದ್ದರು. ವಿಭಾಗದ ಮುಖ್ಯಸ್ಥರು, ಆ ಹುಡುಗಿಯ ಮಾರ್ಗದರ್ಶಕರು. ಮಗಳ ಮುಂದೆ ನಿಂತು, ದೊಡ್ಡ ಜೀವ, ನಮ್ಮ ವಿಭಾಗಕ್ಕೆ ತಾಯಿ ಇದ್ದ ಹಾಗೆ ಇದ್ದರು ಅಂದರು. ಮಗಳು ತಲೆಯಾಡಿಸಿದಳು. ಎಲ್ಲರೂ ಮುಷ್ಟಿ ಮಣ್ಣು ಹಾಕಿದರು. ಅವಳೂ ಹಾಕಿದಳು. ಮಣ್ಣು ಒಣಗಿತ್ತು. ಬೆರಳಿಗೆ ಏನೂ ಅಂಟಲಿಲ್ಲ.

ತಿರುಗಿ ಬರುವಾಗ ಪ್ರೊಫೆಸರು ಹುಡುಗಿಗೆ ಹೇಳುತ್ತಿದ್ದ ಮಾತು ಮುಂದೆ ನಡೆಯುತ್ತಿದ್ದ ಮಗಳ ಕಿವಿಗೆ ಬಿತ್ತು. ಬೇರೆ ಉತ್ತರ ಕೊಟ್ಟ ಆರು ಜನ ಅಪವಾದ, ಅಪವಾದ ಎಲ್ಲಾ ಕಡೆ ಇರುತ್ತದೆ. ನಾನು ಮನೆಗೇ ಬಂದು ದೃಢೀಕರಣ ಪತ್ರಕ್ಕೆ ಸಹಿ ಹಾಕಿ ಹೋಗುತ್ತೇನೆ.

“ಆ ಮೂರು ಸಾಲಿಗೆ ಮೂರು ಸಲ ಕೀಲಿ ಒತ್ತಿದ್ರೆ ಮುಗೀತಮ್ಮಾ. ಅದಕ್ಕೋಸ್ಕರ ಕೆಲಸ ಕಳ್ಕೋಬೇಡ.”

•

ಇಪ್ಪತ್ತೆಂಟು ವರ್ಷದ ಹಿಂದೆ ಪ್ರೊಫೆಸರಿಗೆ ಗಡ್ಡ ಇತ್ತು, ಸೈಕಲ್ ಇತ್ತು. ಬಟ್ಟೆ ಕಾರ್ಖಾನೆಯ ಹೆಂಗಸರು ಯಾಕೆ ಕೆಲಸ ಬಿಡುತ್ತಾರೆ ಎಂದು ಅವನ ಪ್ರಬಂಧ. ನೂರಿಪ್ಪತ್ತು ಹೆಂಗಸರನ್ನು ಕೇಳಿದ್ದ. ನೂರ ಹನ್ನೊಂದು ಜನ ಮನೆ, ಮಕ್ಕಳು ಎಂದಿದ್ದರು. ಒಂಬತ್ತು ಜನ ಬೇರೆ ಏನೋ ಹೇಳಿದ್ದರು. ಏನು ಎಂಬುದು ಪ್ರಬಂಧದಲ್ಲಿ ಇರಲಿಲ್ಲ. ಕೋಷ್ಟಕದ ಕೆಳಗೆ ಮೂರು ಸಾಲು ಖಾಲಿ ನೋಡಿ ಅವನ ಮುಖ ಕೆಂಪಾಯಿತು.

ಹನ್ನೆರಡು ವರ್ಷದ ಮಗಳು ಮೂಲೆಯಲ್ಲಿ ಕೆಟ್ಟ ಹಾಳೆಗಳ ಹಿಂಬದಿಯಲ್ಲಿ ಲೆಕ್ಕ ಬಿಡಿಸುತ್ತಿದ್ದಳು. ಆ ಮನೆಯಲ್ಲಿ ಕೆಟ್ಟ ಹಾಳೆ ಕಸಕ್ಕೆ ಹೋಗುತ್ತಿರಲಿಲ್ಲ. ಮಗಳ ಲೆಕ್ಕಕ್ಕೆ, ಡಬ್ಬಿಯ ತಳಕ್ಕೆ, ಡ್ರಾಯರಿನ ತಳಕ್ಕೆ ಹೋಗುತ್ತಿತ್ತು.

“ಒಂಬತ್ತು ಜನಕ್ಕೋಸ್ಕರ ಯಾರು ನಿಲ್ತಾರೆ ಅಮ್ಮಾ?” ಎಂದ ಅವನು.

“ನಿಲ್ಲೋದು ಬೇಡಪ್ಪ. ಅವರು ಏನಂದ್ರು ಅಂತ ಒಂದು ಮಾತು ಹೇಳಿ ಹೋಗು. ಅವರು ಅಂದಿದ್ದು ಕೇಳಿದ ಮೇಲೂ ನಿನ್ನ ಮಾತು ನಿಲ್ಲುತ್ತೆ ಅಂದ್ರೆ ಗಟ್ಟಿಯಾಗೇ ನಿಲ್ಲುತ್ತೆ.”

ಅವನು ಮುಚ್ಚಿ ಕೊಡಿ ಅಂದ. ನಿನ್ನ ಪುಸ್ತಕ, ನಿನ್ನಿಷ್ಟ ಎಂದು ಅಮ್ಮ ಹಾಳೆ ಎಳೆದು ತೆಗೆದು, ಹೊಸ ಹಾಳೆ ಸಿಕ್ಕಿಸಿ, ಇಡೀ ಪುಟವನ್ನು ಜಾಗವಿಲ್ಲದೆ ಮತ್ತೆ ಟೈಪು ಮಾಡಿದಳು. ಆ ಪ್ರಬಂಧ ಪುಸ್ತಕವಾಯಿತು. ಪುಸ್ತಕ ಪಾಠವಾಯಿತು.

•

ಮೂರೂಕಾಲಿಗೆ ಮಗಳು ಕಂಪ್ಯೂಟರ್ ಹಚ್ಚಿದಳು. ಪುಟ ನೂರ ಅರವತ್ನಾಲ್ಕು. ಕೋಷ್ಟಕ, ಅದರ ಕೆಳಗೆ ಮೂರು ಸಾಲು ಬಿಳಿ, ಆಮೇಲೆ ‘ಹೀಗಾಗಿ’ ಎಂದು ಶುರುವಾಗುವ ತೀರ್ಮಾನ. ಹುಡುಗಿಯದೂ ಅದೇ ಕಾರ್ಖಾನೆ ಸಾಲು, ಅದೇ ಪ್ರಶ್ನೆ. ಗುರುಗಳು ಕಂಡದ್ದು ಈಗಲೂ ಹಾಗೇ ಇದೆಯೇ ಎಂದು ನೋಡುವುದು. ನಲವತ್ತೆರಡು ಹೆಂಗಸರಲ್ಲಿ ಮೂವತ್ತಾರು ಜನ ಮನೆ, ಮಕ್ಕಳು ಅಂದಿದ್ದರು. ಆರು ಜನ ಬೇರೆ.

ಮಾವ ಕುರ್ಚಿ ತಂದು ಹಾಕಿ, ಬೇಗ ಮುಗಿಸಿ ಮಕ್ಕಳಾ ಅಂದು ಒಳಗೆ ಹೋದ. ಪ್ರೊಫೆಸರು ಕಿಟಕಿ ಪಕ್ಕ ಕೂತರು. ಹುಡುಗಿ ಬೆರಳನ್ನು ಅಳಿಸುವ ಕೀಲಿಯ ಮೇಲೆ ಇಟ್ಟಳು. ಒತ್ತಲಿಲ್ಲ.

ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನಕ್ಕೆ ಇನ್ನೂರು ಜನರ ಅಂಕಿಗಳನ್ನು ಪ್ರಿಂಟ್ ತೆಗೆದು ಕಿಟಕಿಯಿಂದ ಕೊಡುವವಳು. ಪರದೆಯ ಆ ಬಿಳಿಯನ್ನೇ ನೋಡುತ್ತಾ ಕೇಳಿದಳು:

“ಅಂದ್ರೆ? ಆರು ಜನ ಏನಂದ್ರು?”

“ಬೀಗ ಅಂದ್ರು ಅಕ್ಕಾ. ಪಾಯಖಾನೆಗೆ ಬೀಗ ಹಾಕಿರ್ತಾರೆ, ಕೀಲಿ ಮೇಲ್ವಿಚಾರಕನ ಜೇಬಲ್ಲಿ ಇರುತ್ತೆ. ಕೇಳಿದೋರ ಹೆಸರು ಬರ್ಕೋತಾನೆ. ಅದಕ್ಕೆ ಬಿಟ್ವಿ ಅಂದ್ರು.”

“ಉಳಿದ ಮೂವತ್ತಾರು ಜನ ಬೀಗದ ಮಾತೇ ಎತ್ತಲಿಲ್ವಾ?”

ಹುಡುಗಿ ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಎತ್ತಿದ್ದರು. ಹನ್ನೊಂದು ಜನ, ಬೇರೇನೋ ಹೇಳುವಾಗ ಮಧ್ಯೆ, ನಗುತ್ತಾ. ಕೊನೆಗೆ ಕಾರಣ ಏನು ಅಂತ ಬರೆದುಕೊಳ್ಳಲಿ ಎಂದು ಕೇಳಿದಾಗ ಮಾತ್ರ ಮನೆ, ಮಕ್ಕಳು ಅಂದಿದ್ದರು. ಅಪರಿಚಿತರ ಮುಂದೆ ಹೇಳಲು ಮನೆ ಸುಲಭ, ಬೀಗ ಕಷ್ಟ. ಅದನ್ನು ಅವಳು ಈಗ ಬಾಯಿಬಿಟ್ಟು ಹೇಳಿದಳು.

ಆಮೇಲೆ ಅವಳು ಆ ಪುಟವನ್ನು ಇದ್ದ ಹಾಗೇ ಒಂದು ಪ್ರಿಂಟ್ ತೆಗೆದು ಪಕ್ಕಕ್ಕಿಟ್ಟು, ಬರೆಯತೊಡಗಿದಳು. ಆರು ಜನ ಏನಂದರು, ಹನ್ನೊಂದು ಜನ ನಗುತ್ತಾ ಏನಂದರು, ಆದ್ದರಿಂದ ಮೂವತ್ತಾರು ಎಂಬ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು, ಎಲ್ಲಿಂದಾಚೆಗೆ ತನಗೆ ಗೊತ್ತಿಲ್ಲ. ‘ಹೀಗಾಗಿ’ಯ ಮುಂದಿದ್ದ ಸಾಲನ್ನು ಅಳಿಸಿ ಬೇರೆ ಬರೆದಳು. ಮೂರು ಸಾಲು ಹತ್ತೊಂಬತ್ತಾಯಿತು. ಮುಂದಿನ ಪುಟಗಳೆಲ್ಲ ಜರುಗಿದವು. ಪರಿವಿಡಿಯ ಪುಟಸಂಖ್ಯೆಗಳನ್ನು ಮಗಳೇ ಒಂದೊಂದಾಗಿ ಸರಿಮಾಡಿ, ಎಲ್ಲವನ್ನೂ ಪ್ರಿಂಟ್ ಹಾಕಿದಳು.

ನಾಲ್ಕೂಕಾಲು. ದೃಢೀಕರಣ ಪತ್ರ ಬೇಕಿತ್ತು. ಅಮ್ಮ ಅಂಥವನ್ನು ಮೇಜಿನ ಡ್ರಾಯರಿನಲ್ಲಿ ಇಡುತ್ತಿದ್ದಳು. ಡ್ರಾಯರು ಅರ್ಧಕ್ಕೆ ಸಿಕ್ಕಿಕೊಂಡಿತು. ಮಗಳು ಅದನ್ನು ಪೂರ್ತಿ ಕಿತ್ತು ಮೇಜಿನ ಮೇಲಿಟ್ಟು ಒಂದೊಂದೇ ಹೊರಗೆ ತೆಗೆದಳು: ಕನ್ನಡಕದ ಡಬ್ಬಿ, ಪೆನ್ಸಿಲು, ಎರಡು ರಬ್ಬರು, ಪತ್ರ. ತಳದಲ್ಲಿ ಹಾಸಿದ ಹಾಳೆ ಮಾತ್ರ ಉಳಿಯಿತು. ಹಳದಿಯಾದ ಟೈಪ್‌ರೈಟರಿನ ಹಾಳೆ.

ಸಹಿ ಹಾಕಲು ಎದ್ದು ಬಂದ ಪ್ರೊಫೆಸರು ಪೆನ್ನಿನ ಮುಚ್ಚಳ ತೆಗೆದವರು ಹಾಗೇ ನಿಂತರು. ಹಾಳೆಯಲ್ಲೊಂದು ಕೋಷ್ಟಕ. ಒಟ್ಟು ನೂರಿಪ್ಪತ್ತು. ಮನೆ, ಮಕ್ಕಳು: ನೂರ ಹನ್ನೊಂದು. ಇತರೆ: ಒಂಬತ್ತು. ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಅವರದೇ ಕೈಯ ತಿದ್ದುಪಡಿ. ಕೋಷ್ಟಕದ ಕೆಳಗೆ ಮೂರು ಸಾಲು ಜಾಗ.

ಅವರು ಹುಡುಗಿಯ ಹತ್ತೊಂಬತ್ತು ಸಾಲನ್ನು ಕೊಡು ಎಂದು ಕೈ ಚಾಚಿದರು. ಓದಿದರು. ತಿರುಗಿ ಮೊದಲಿನಿಂದ ಓದಿದರು.

“ವೈವಾದಲ್ಲಿ ಇದನ್ನ ಕೆದಕಿ ಕೆದಕಿ ಕೇಳ್ತಾರೆ.”

“ಕೇಳ್ಲಿ ಸರ್.”

“ನಿಮ್ಮ ಗುರುಗಳು ಹೀಗಂದಿಲ್ವಲ್ಲ ಅಂತಾರೆ.”

ಪ್ರೊಫೆಸರು ಪತ್ರವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದರು. ನಾಲ್ಕೂವರೆಗೆ ಹುಡುಗಿ ಕಟ್ಟನ್ನು ಎದೆಗವಚಿಕೊಂಡು ಹಿಂದಿನ ಗೇಟಿನ ಕಡೆ ಓಡಿದಳು.

ಪ್ರೊಫೆಸರು ಹೋಗಲಿಲ್ಲ.

“ಆ ಒಂಬತ್ತು ಜನ ಏನಂದಿದ್ರು ಸರ್?” ಎಂದಳು ಮಗಳು. ತಿಳಿಯುವ ಆಸೆಯಿಂದಲ್ಲ. ಅಮ್ಮ ಇದ್ದಿದ್ದರೆ ಕೇಳುತ್ತಿದ್ದಳು, ಅದಕ್ಕೆ.

“ನೆನಪಿಲ್ಲಮ್ಮ” ಎಂದರು ಅವರು. ಪೆನ್ನಿನ ಮುಚ್ಚಳ ಹಾಕುತ್ತಾ, “ಬರ್ಕೊಂಡಿರಲೇ ಇಲ್ಲ.”

ಈ ಹಾಳೆ ತಗೊಳ್ಳಲೇ ಎಂದು ಕೇಳಿದರು. ಮಗಳು ಹೂಂ ಅಂದಳು. ಅಂಟಿಕೊಂಡಿದ್ದ ಮೂಲೆಗಳನ್ನು ಅವರು ಉಗುರಿನಿಂದ ಮೆಲ್ಲಗೆ ಬಿಡಿಸಿ, ಹಾಳೆಯನ್ನು ನಾಲ್ಕಾಗಿ ಮಡಚಿ, ಜೇಬಿಗಿಟ್ಟು, ಚಪ್ಪಲಿ ಮೆಟ್ಟಿ ಹೊರಟರು.

ಡ್ರಾಯರಿನ ತಳದ ಮರ ಹೊಸದರ ಹಾಗೆ ತಿಳಿಯಾಗಿತ್ತು, ಹಾಳೆಯಷ್ಟೇ ಅಗಲಕ್ಕೆ. ಮಗಳು ಅದನ್ನು ಅಂಗೈಯಿಂದ ಒಂದು ಸಲ ಸವರಿದಳು. ಅಳಿಸುವ ಮುಂಚೆ ಹುಡುಗಿ ತೆಗೆದಿದ್ದ ಹಳೆಯ ಪ್ರಿಂಟು ಮೇಜಿನ ಮೇಲೆ ಬಿದ್ದಿತ್ತು, ಪುಟ ನೂರ ಅರವತ್ನಾಲ್ಕು. ಅದನ್ನು ಎತ್ತಿ, ಮೂರು ಸಾಲು ಜಾಗ ಮೇಲಕ್ಕೆ ಕಾಣುವಂತೆ ತಳಕ್ಕೆ ಹಾಸಿ, ಮೂಲೆಗಳನ್ನು ಬೆರಳಿನಿಂದ ಒತ್ತಿದಳು. ಪೆನ್ಸಿಲು, ಎರಡು ರಬ್ಬರು, ಕನ್ನಡಕದ ಡಬ್ಬಿ ಒಂದೊಂದಾಗಿ ಒಳಗಿಟ್ಟಳು. ಆಮೇಲೆ ಡ್ರಾಯರನ್ನು ಎರಡೂ ಕೈಯಿಂದ ಹಿಡಿದು, ಸಿಕ್ಕಿಕೊಳ್ಳುವ ಜಾಗದಲ್ಲಿ ಅಮ್ಮ ಮಾಡುತ್ತಿದ್ದ ಹಾಗೆ ಸ್ವಲ್ಪ ಎತ್ತಿ ನೂಕಿದಳು.