ಮೂವತ್ತರಲ್ಲಿ ಇಪ್ಪತ್ತಮೂರು

ಬಸವಪ್ರಸಾದ್ ಸೋತು ಬಂದ ದಿನ ನಗುತ್ತಾನೆ. ಗೆದ್ದು ಬಂದ ಕೆಲವು ದಿನ ಅವನ ಮುಖ ನೋಡುವಂತಿರುವುದಿಲ್ಲ. ತಿಂಗಳಿಗೆ ಹತ್ತು ದಿನ ಗೋವಾದ ಕ್ಯಾಸಿನೊಗಳಲ್ಲಿ ಪೋಕರ್ ಆಡುವುದು ಅವನ ವೃತ್ತಿ, ಮಿಕ್ಕ ದಿನ ವಸ್ತಾರೆ ಬಳಿಯ ಆರೆಕರೆ ರೋಬಸ್ಟಾ ಕಾಫಿ ತೋಟ. ಒಮ್ಮೆ, ಕೈಯಲ್ಲಿ ಎಲ್ಲಕ್ಕೂ ಮೇಲಾದ ಎರಡು ಎಕ್ಕಗಳಿದ್ದೂ, ಹುಚ್ಚು ಧೈರ್ಯದ ಎದುರಾಳಿಯೊಬ್ಬ ಕಟ್ಟಕಡೆಯ ಎಲೆಯಲ್ಲಿ ತನ್ನನ್ನು ಮಣಿಸಿದ ಪ್ರಸಂಗವನ್ನು ಮದುವೆಯೂಟ ಉಂಡು ಬಂದವನ ತೃಪ್ತಿಯಲ್ಲಿ ನನಗೆ ಬಣ್ಣಿಸಿದ. ಇನ್ನೊಮ್ಮೆ, ಬಿಟ್ಟುಕೊಡಬೇಕಿದ್ದ ಆಟವನ್ನು ಹಟಕ್ಕೆ ಬಿದ್ದು ಆಡಿ ಗೆದ್ದವನು ಎರಡು ದಿನ ಯಾರೊಡನೆಯೂ ನೆಟ್ಟಗೆ ಮಾತಾಡಲಿಲ್ಲ. "ತಪ್ಪು ಮಾಡಿ ಗೆದ್ದೆ ಮಾರಾಯ. ಇದು ಅಭ್ಯಾಸ ಆದ್ರೆ ಮುಗೀತು," ಎಂದಷ್ಟೇ ಹೇಳಿದ.

ಬಿರುಬೇಸಿಗೆಯಲ್ಲೂ ಬೂದುಬಣ್ಣದ ಕೋಟು, ಎರಡೂ ಕೈ ಅದರ ಜೇಬಿನಲ್ಲಿ, ಯಾವ ಅವಸರವೂ ಇಲ್ಲದ ನಡಿಗೆ. ಮುಖವನ್ನು ಪಳಗಿಸಬಹುದು, ಬೆರಳನ್ನು ಪಳಗಿಸಲಾಗದು ಎನ್ನುವುದು ಅವನ ಸಿದ್ಧಾಂತ.

ಈ ಸೀಮೆಯ ಬೆಳೆಗಾರರ ರೂಢಿಯಂತೆ ಅವನ ಅಪ್ಪ ದಿನದಿನದ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮಗನೂ ಅದನ್ನು ಬಿಡಲಿಲ್ಲ. ಎರಡು ವರ್ಷದ ಹಿಂದೆ ಬೇಸಿಗೆಯ ಆರಂಭಕ್ಕೆ ಕೆರೆಯಲ್ಲಿ ತೋಟಕ್ಕೆ ಒಂದೇ ಸುತ್ತು ಹಾಯಿಸುವಷ್ಟು ನೀರಿತ್ತು. ಕಾಫಿ ಹೂವಾಗಲು ಒಂದು ನೀರು ಬೇಕು, ಆ ಹೂವು ಕಾಯಾಗಿ ನಿಲ್ಲಲು ಇಪ್ಪತ್ತು ದಿನದೊಳಗೆ ಇನ್ನೊಂದು. ನೆರೆಯವರು ಕೆರೆಯ ನೀರನ್ನು ಎರಡನೆಯದಕ್ಕೆ ಮೀಸಲಿಟ್ಟು, ಹೂವರಳಿಸುವ ಮೊದಲ ಮಳೆಗೆ, ಹೂಮಳೆಗೆ, ಕಾದರು. ಇವನು ಪುಸ್ತಕ ತಿರುವಿ, ಮೂವತ್ತರಲ್ಲಿ ಇಪ್ಪತ್ತಮೂರು ವರ್ಷ ಆ ಇಪ್ಪತ್ತು ದಿನಗಳಲ್ಲಿ ಮಳೆ ಬಿದ್ದಿದೆಯೆಂದು ಹೆಂಡತಿ ಪ್ರೇಮಕುಮಾರಿಗೆ ತೋರಿಸಿದ. ಉಳಿದ ಏಳರ ಪೈಕಿ ಇದೂ ಒಂದಾದರೆ ಎಂದು ಅವಳು ಕೇಳಿದಳು. ಆದರೂ ಆಡಿದ್ದು ತಪ್ಪಾಗದು ಎಂದು ಹೇಳಿ, ಇದ್ದ ನೀರನ್ನೆಲ್ಲ ಹೂವಿಗೇ ಸ್ಪ್ರಿಂಕ್ಲರಿನಲ್ಲಿ ಹಾಯಿಸಿಯೇಬಿಟ್ಟ.

ತೋಟವೆಲ್ಲ ಬೆಳ್ಳಗೆ ಅರಳಿತು. ಮಳೆ ಬರಲಿಲ್ಲ. ಹೂವು ಕಾಯಿ ಕಟ್ಟದೆ ಕರಟಿಹೋಯಿತು. ಕಾದವರಿಗೆ ತಡವಾಗಿಯಾದರೂ ಹೂಮಳೆ ಸಿಕ್ಕಿತು. ಆ ಇಪ್ಪತ್ತು ದಿನವೂ ಅವನು ತಪ್ಪದೆ ಪುಸ್ತಕದಲ್ಲಿ ಸೊನ್ನೆ ಬರೆದಿದ್ದ.

ಮರುವರ್ಷವೂ ಕೆರೆಯಲ್ಲಿ ಅಷ್ಟೇ ನೀರು. ಇನ್ನೊಂದು ಫಸಲು ಹೋದರೆ ತೋಟವನ್ನು ಗುತ್ತಿಗೆಗೆ ಬಿಟ್ಟು ಪೇಟೆ ಸೇರುವುದೊಂದೇ ದಾರಿ. ಆ ಬೆಳಿಗ್ಗೆ ಪಂಪ್‌ಹೌಸಿನಲ್ಲಿ ನಾನೂ ಇದ್ದೆ. ಸ್ಟಾರ್ಟರಿನ ಮುಂದೆ ನಿಂತವನ ಕೈ ಜೇಬಿನಿಂದ ಹೊರಗೆ ಬರಲೊಲ್ಲದು. ಅವನು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಈಗ ಮೂವತ್ತೊಂದರಲ್ಲಿ ಇಪ್ಪತ್ತಮೂರು," ಎಂದಳು ಪ್ರೇಮಕುಮಾರಿ. "ಅಷ್ಟೇ ಅಲ್ವಾ ವ್ಯತ್ಯಾಸ?" ಅವಳೇ ಮುಂದೆ ಬಂದು ಸ್ವಿಚ್ ಒತ್ತಿದಳು.

ಹದಿನೇಳನೆಯ ದಿನ ಒಳ್ಳೆಯ ಮಳೆಯೇ ಬಂತು. ಮೋಟಾರ್ ರಿಪೇರಿಯ ಸಫ್ದರ್ "ಭಾರಿ ಜಾಣ್ರು ಮಾರಾಯ್ರೆ ನೀವು" ಎಂದಾಗ ಬಸವಪ್ರಸಾದನಿಗೆ ಅದು ರುಚಿಸಲಿಲ್ಲ. "ಹೋದ ವರ್ಷಾನೂ ಇಷ್ಟೇ ಜಾಣ ಆಗಿದ್ದೆ ಸಫ್ದರ್. ಆಗ ಯಾರೂ ಹೇಳ್ಲಿಲ್ಲ."

ಅದೃಷ್ಟದೊಡನೆ ಬಾಳುವೆ ಮಾಡುವ ಇಂಥವರು ಸೋಲನ್ನು ಹೇಗೋ ಅರಗಿಸಿಕೊಳ್ಳುತ್ತಾರೆ. ಆದರೆ ಸರಿಯಾಗಿ ಆಡಿಯೂ ಸೋತ ಮೇಲೆ ಮತ್ತೆ ಆಡಲು ತಮ್ಮದಲ್ಲದ ಇನ್ನೊಂದು ಕೈ ಬೇಕಾಗುತ್ತದೆ. ಆ ಕೈ ಸಿಗುವುದು ಮಾತ್ರ ಯಾವ ಪುಸ್ತಕದ ಲೆಕ್ಕಕ್ಕೂ ದಕ್ಕದ ಅದೃಷ್ಟ.