ಹೊಸಬರ ಕತ್ತಿ, ಹಳಬರ ಕೈ

ಮೂರನೇ ಸಲವೂ ಕತ್ತಿ ಅರ್ಧಕ್ಕೇ ನಿಂತಿತು. ನೀರಲ್ಲಿ ನೆನೆಸಿ, ಸುತ್ತಿ, ಗೂಟಕ್ಕೆ ಸಿಕ್ಕಿಸಿದ್ದ ಹಳೆಯ ಚಾಪೆ ಅಲಗನ್ನು ಕಚ್ಚಿ ಹಿಡಿದು ಬಿಡಲೊಲ್ಲದು. ಒಗಾತ ಎರಡೂ ಕೈಯಲ್ಲಿ ಕಿತ್ತುಕೊಂಡ. ಕತ್ತಿವರಸೆಯ ಗರಡಿಯ ಹುಡುಗಿಯರು ಬೇರೆ ಕಡೆ ನೋಡಿದರು; ನಕ್ಕಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

"ಹೊಸಬರ ಕತ್ತಿಯಂತೆ! ಅಗಲ, ತೆಳು, ಹಗುರ. ಕೈ ಸೊಟ್ಟಗಿದ್ರೂ ತಾನೇ ಕಡಿಯತ್ತೆ ಅಂದಿದ್ದ ಅಂಗಡಿಯವನು. ಬುರುಡೆ!"

"ಕತ್ತಿ ಸರಿಯಾಗೇ ಇದೆ ಒಗಾತ ಅವರೇ," ಅಂದಳು ಗುರು ತೊಕುನಾಗಾ. ವಯಸ್ಸಿನಲ್ಲಿ ಅವನ ಮಗಳಷ್ಟು. "ಕೊನೇಲಿ ನೀವೇ ತಡೀತೀರ."

"ನಾನ್ಯಾಕೆ ತಡೀಲಿ ಗುರುಗಳೇ?"

ಕೇಳುತ್ತಿದ್ದಂತೆಯೇ ಉತ್ತರ ಹೊಳೆಯಿತು. ಜಪಾನಿನ ಯತ್ಸುಶಿರೊ ಪೇಟೆಯಲ್ಲಿ ಮೂವತ್ತೆಂಟು ವರ್ಷದಿಂದ ಅವನು ಚಾಪೆ ಹೊಲಿಯುವವನು. ಅಂಚಿನ ದಾರಕ್ಕೆ ಒಂದು ಬೆರಳಗಲ ಉಳಿದಿರುವಾಗಲೇ ಚಾಕು ನಿಲ್ಲಬೇಕು. ದಾಟಿತೋ, ಚಾಪೆ ಹಾಳು. ಅವನ ಕೈ ಒಮ್ಮೆಯೂ ದಾಟಿರಲಿಲ್ಲ. ಗರಡಿಗೆ ಬರುವ ಹಳೆಯ ಚಾಪೆಗಳೂ ಅವನ ಅಂಗಡಿಯವೇ.

ಭಾನುವಾರ ದೇಗುಲದ ಅಂಗಳದಲ್ಲಿ ಪ್ರದರ್ಶನ. ಶನಿವಾರದೊಳಗೆ ಒಂದೇ ಏಟಿಗೆ ಕಡಿದವರಿಗಷ್ಟೇ ಅಲ್ಲಿ ಜಾಗ. ಗಿರಾಕಿಗಳಿಗೆಲ್ಲ "ಬನ್ನಿ, ನೋಡಿ" ಎಂದು ಮೊದಲೇ ಸಾರಿಬಿಟ್ಟಿದ್ದ, ಪುಣ್ಯಾತ್ಮ.

ನಾಲ್ಕು ದಿನ ಅಂಗಡಿಯ ಹಿತ್ತಲಲ್ಲಿ ಗಾಳಿಗೆ ಕತ್ತಿ ಬೀಸಿದ. "ನಿಲ್ಲಬೇಡ, ನಿಲ್ಲಬೇಡ" ಎಂದು ಕೈಯನ್ನೇ ಬೈದ. ಭುಜ ಊದಿತು. ಬಟ್ಟಲು ಎತ್ತಿದರೆ ಮಿಸೊ ಸಾರು ತುಳುಕಿತು.

"ಮೀನಿನ ಮುಳ್ಳು ಬಿಡಿಸೋಕೂ ಆಗ್ತಿಲ್ಲ, ಇವರು ಯುದ್ಧಕ್ಕೆ ಹೊರಟಿದ್ದಾರೆ," ಅಂದಳು ಹೆಂಡತಿ ಫುಮಿಎ. ಅವನಿಗೆ ಅಳುವಷ್ಟು ಸಿಟ್ಟು ಬಂತು, ಅನ್ನ ಬಿಟ್ಟು ಎದ್ದ.

ಶನಿವಾರ ಸಂಜೆ ಕತ್ತಿ ಎತ್ತಿದ, ಇಳಿಸಿದ. ಏನೂ ತಗುಲಿದಂತೆಯೇ ಅನಿಸಲಿಲ್ಲ. ಮತ್ತೆ ತಪ್ಪಿತು ಅಂದುಕೊಂಡು ಹಲ್ಲು ಕಡಿಯುವಷ್ಟರಲ್ಲಿ ಚಾಪೆಯ ಮೇಲಿನ ತುಂಡು ಮೆಲ್ಲಗೆ ಜಾರಿ ನೆಲಕ್ಕೆ ಬಿತ್ತು. ಭಾನುವಾರವೂ ಹಾಗೇ ಬಿತ್ತು. ಗಿರಾಕಿಗಳು ಚಪ್ಪಾಳೆ ತಟ್ಟಿದರು, ಫುಮಿಎಯೂ ತಟ್ಟಿದಳು.

ಸೋಮವಾರ ಬೆಳಿಗ್ಗೆ ಹೋಟೆಲಿನವರ ಹೊಸ ಚಾಪೆ ಹಾಸಿಕೊಂಡು ಕೂತ. ಜೊಂಡಿನ ಹಸಿರು ವಾಸನೆ, ಬಿಸಿ ಚಹಾ, ಮೈಯೆಲ್ಲ ಹಗುರ. ಚಾಕು ಎಳೆದ. ಅದು ಬೆರಳಗಲದ ಜಾಗ ದಾಟಿತು, ದಾರ ದಾಟಿತು, ಅಂಚನ್ನೂ ಸೀಳಿಕೊಂಡು ಆಚೆ ಹೋಯಿತು.

ಒಗಾತ ತನ್ನ ಕೈಯನ್ನೇ ನೋಡುತ್ತ ಕೂತ. ಇನ್ನೊಂದು ಚಾಪೆ ಎಳೆದುಕೊಂಡ, ಉಸಿರು ಬಿಗಿಹಿಡಿದು ಚಾಕು ಇಟ್ಟ. ಅದೂ ಹೋಯಿತು.

ಚಾಪೆ ಸೀಳಿದ ಸದ್ದಿಗೆ ಫುಮಿಎ ಒಳಗಿನಿಂದ ಬಂದಳು. ಎರಡು ಚಾಪೆಗಳನ್ನೂ ನೋಡಿದಳು, ಗಂಡನ ಮುಖ ನೋಡಿದಳು. ಬೈಯಲಿಲ್ಲ.

"ರೀ," ಅಂದಳು, "ಹೊಸಬರ ಚಾಕು ಅಂತ ಏನಾದ್ರೂ ಸಿಗುತ್ತಾ, ಕೇಳಿ ನೋಡಿ."